ಪೇರಿಸುವ ಸೆರಾಮಿಕ್ ಸೆಟ್: ಗ್ಲೇಜ್ ಸುಟ್ಟಮೇಲೆ ಒಂದರೊಳಗೊಂದು ಕೂರುತ್ತಿಲ್ಲ

ತಿಗರಿ_ತಲೆಸುತ್ತು:

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇದ್ದವರು ಓದಿ.

ಎಂಟು ತಿಂಗಳಿಂದ ಒಂದೇ ಕೆಲಸಕ್ಕೆ ಅಂಟಿಕೊಂಡಿದ್ದೇನೆ. 12 ತುಂಡುಗಳ ಒಂದು ಸೆಟ್. ಹೂದಾನಿ, ಬಟ್ಟಲು, ಅಗಲದ ತಟ್ಟೆ, ಮುಚ್ಚಳದ ಡಬ್ಬಿ ಎರಡು, ದೀಪದ ಕವಚ ಒಂದು, ಉಳಿದ ಆರು ಬರೀ ಟೊಳ್ಳು ಉಂಗುರಗಳು. ಒಂದೊಂದನ್ನೂ ಬಿಡಿಯಾಗಿ ಬಳಸಬಹುದು. ಬೇಕೆಂದಾಗ ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿದರೆ ಎದೆಮಟ್ಟದ ಕಂಬ ಆಗುತ್ತದೆ. ಯಾವುದರ ಮೇಲೆ ಯಾವುದು ಅಂತ ನಿಯಮ ಇಲ್ಲ. ಇವತ್ತು ಒಂದು ಥರ, ನಾಳೆ ಇನ್ನೊಂದು ಥರ. ನಾನು ಇದಕ್ಕೆ ಕೈ ಹಾಕಿದ್ದೇ ಆ ಆಟಕ್ಕೋಸ್ಕರ.

ಜೋಡಣೆ ಹೀಗಿದೆ: ಪ್ರತಿ ತುಂಡಿನ ಮೇಲೆ ಒಂದು ಕಂಠ, ತಳದಲ್ಲಿ ಅದು ಇಳಿದು ಕೂರುವ ಕುಳಿ. ಕಂಠದ ಹೊರ ಅಳತೆ 80 ಮಿ.ಮೀ., ಕುಳಿಯ ಒಳ ಅಳತೆ 82. ಸುಟ್ಟಮೇಲೆ ಬರಬೇಕಾದ ಅಳತೆ ಇದು. ಮಣ್ಣು ಸ್ಟೋನ್‌ವೇರ್ (ಹೆಚ್ಚು ಬಿಸಿಯಲ್ಲಿ ಸುಡುವ ಗಟ್ಟಿ ಮಣ್ಣು), ಗ್ರಾಗ್ (ಸುಟ್ಟ ಮಣ್ಣಿನ ಪುಡಿ) ಕಡಿಮೆ. 12% ಕುಗ್ಗುತ್ತದೆ ಅಂತ ಚೀಲದ ಮೇಲೆ ಇತ್ತು, ಅದನ್ನೇ ನಂಬಿ ಹಸಿಯಲ್ಲಿ ಅಷ್ಟು ದೊಡ್ಡದು ಮಾಡಿದೆ. ಎಲ್ಲವೂ ತಿಗರಿಯ ಮೇಲೆ ಎತ್ತಿದ್ದು. ಒಣಗಿದಮೇಲೆ ಪೇರಿಸಿ ನೋಡಿದೆ, ಕೂತವು. ಬಿಸ್ಕ್ (ಗ್ಲೇಜ್ ಹಾಕುವ ಮುಂಚಿನ ಮೊದಲ ಸುಡುವಿಕೆ) ಆದಮೇಲೆ ನೋಡಿದೆ, ಆಗಲೂ ಕೂತವು. ಖುಷಿಯಿಂದ ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಹಾಕಿ ಕೋನ್ 6ರ ಬಿಸಿಗೆ ಸುಟ್ಟೆ. ಕಿಲ್ನ್ (ಸುಡುವ ಗೂಡು) ತೆಗೆದು ನೋಡಿದರೆ ಐದು ತುಂಡು ಯಾವುದರ ಮೇಲೂ ಕೂರುವುದಿಲ್ಲ. ಮೂರು ತುಂಡು ಎಲ್ಲದರ ಮೇಲೂ ಕೂರುತ್ತವೆ, ಆದರೆ ಹಲ್ಲು ಸಡಿಲ ಆದ ಹಾಗೆ ಗಡಗಡ ಅಲ್ಲಾಡುತ್ತವೆ. ಒಂದು ಜೋಡಿ ಕೂತಿತು, ಈಗ ಬಿಡಿಸಲು ಬರುತ್ತಿಲ್ಲ.

ತಪ್ಪಿದ್ದೆಲ್ಲಿ? ತಿಗರಿ ಬಿಟ್ಟು ಅಚ್ಚಿಗೆ ಹೋಗಬೇಕಾ? ಇದರ ಜೊತೆಗೆ ಇನ್ನೊಂದು ಕಿರಿಕಿರಿ. ಒಬ್ಬ ಗೆಳತಿ ಬಂದು ನೋಡಿ, "ಇದು ಪಾತ್ರೆಯೂ ಅಲ್ಲ ಶಿಲ್ಪವೂ ಅಲ್ಲ, ದೊಡ್ಡವರ ಬ್ಲಾಕ್ ಆಟ" ಅಂದಳು. ಆವತ್ತಿಂದ ಅದು ತಲೆಯಲ್ಲಿ ಕೊರೆಯುತ್ತಿದೆ. ಅದಕ್ಕೂ ಯಾರಾದರೂ ಏನಾದರೂ ಹೇಳಿ.

ಕೋನ್_ಆರು:

ಗೆಳತಿಯ ವಿಷಯ ಬೇರೆಯವರು ನೋಡಿಕೊಳ್ಳಲಿ, ನಾನು ಅಳತೆಯ ಮಾತು ಹೇಳುತ್ತೇನೆ.

ಬಿಸ್ಕ್‌ನಲ್ಲಿ ಕೂತಿದ್ದಕ್ಕೆ ಖುಷಿಪಟ್ಟಿರಲ್ಲ, ಮೋಸ ಹೋಗಿದ್ದೇ ಅಲ್ಲಿ. ಮಣ್ಣು ಎರಡು ಸಲ ಕುಗ್ಗುತ್ತದೆ. ನೀರು ಆರುವಾಗ ಒಮ್ಮೆ. ಆಮೇಲೆ ಮೇಲಿನ ಬಿಸಿಯಲ್ಲಿ ಒಳಗಿನ ಫೆಲ್ಡ್‌ಸ್ಪಾರ್ ಅನ್ನುವ ಖನಿಜ ಕರಗಿ ಗಾಜಾಗಿ ಕಣಗಳನ್ನೆಲ್ಲ ಹತ್ತಿರಕ್ಕೆ ಎಳೆದುಕೊಳ್ಳುವಾಗ ಇನ್ನೊಮ್ಮೆ. ಬಿಸ್ಕ್ ಸುಡುವುದು ಸುಮಾರು 1000 ಡಿಗ್ರಿಗೆ, ಅಷ್ಟರಲ್ಲಿ ಸ್ಟೋನ್‌ವೇರ್ ಎರಡನೇ ಸುತ್ತನ್ನು ಸರಿಯಾಗಿ ಶುರುವೇ ಮಾಡಿರುವುದಿಲ್ಲ. ಕೋನ್ 6 ಅಂದರೆ 1220ರ ಆಸುಪಾಸು. ಅಸಲಿ ಆಟ ನಡೆಯುವುದು ಆ ಕೊನೆಯ ನೂರು ಚಿಲ್ಲರೆ ಡಿಗ್ರಿಯಲ್ಲಿ. ಅಲ್ಲಿ ಮೇಲಿನ ಶೆಲ್ಫ್ ಸ್ವಲ್ಪ ಜಾಸ್ತಿ ಬಿಸಿ, ಕೆಳಗಿನದು ಸ್ವಲ್ಪ ತಣ್ಣಗೆ ಇದ್ದರೂ ಸಾಕು, ಅಳತೆ ಬೇರೆ ಆಗುತ್ತದೆ.

ಈಗ ನಿಮ್ಮದೇ ಅಂಕಿ ಹಿಡಿಯೋಣ. ಸುಟ್ಟಮೇಲೆ 80 ಬೇಕು ಅಂದರೆ ಹಸಿಯಲ್ಲಿ 80 ಭಾಗಿಸು 0.88, ಅಂದರೆ 90.9. (80ಕ್ಕೆ 12% ಕೂಡಿಸುವ ತಪ್ಪನ್ನು ನೀವು ಮಾಡಿಲ್ಲ ಅಂದುಕೊಳ್ಳುತ್ತೇನೆ, ತುಂಬ ಜನ ಮಾಡುತ್ತಾರೆ.) ಕುಳಿ 93.2. ಈಗ ಒಂದು ತುಂಡು 12ರ ಬದಲು 11% ಕುಗ್ಗಿತು ಅನ್ನಿ, ಅದರ ಕಂಠ 80.9. ಪಕ್ಕದ್ದು 13% ಕುಗ್ಗಿತು, ಅದರ ಕುಳಿ 81.1. ನೀವು ಬಿಟ್ಟಿದ್ದ 2 ಮಿ.ಮೀ. ಜಾಗದಲ್ಲಿ ಉಳಿದಿದ್ದು 0.2. ಇದಕ್ಕೆ ಗ್ಲೇಜ್ ಬೇರೆ ಬಳಿದಿದ್ದೀರಿ! ಕಂಠಕ್ಕೆ ಎರಡೂ ಮಗ್ಗುಲಿಗೆ, ಕುಳಿಗೆ ಎರಡೂ ಮಗ್ಗುಲಿಗೆ, ಒಟ್ಟು ನಾಲ್ಕು ಪದರ. ಒಂದೊಂದು ಕಾಲು ಮಿ.ಮೀ. ಅಂದರೂ 1 ಮಿ.ಮೀ. ಹೋಯಿತು. ತಿರುಗಿಸಿ ನೋಡಿ, 13% ಕುಗ್ಗಿದ ಕಂಠ 79.1, 11% ಕುಗ್ಗಿದ ಕುಳಿ 82.9. ನಡುವೆ 3.8 ಜಾಗ. ನಿಮ್ಮ ಸಡಿಲ ಹಲ್ಲು ಅದೇ.

ಇದು ಎರಡೂ ಸರಿಯಾಗಿ ದುಂಡಗಿದ್ದರೆ ಬರುವ ಲೆಕ್ಕ. ಸುಟ್ಟಮೇಲೆ ಯಾವ ಉಂಗುರವೂ ಪೂರ್ತಿ ದುಂಡಗಿರುವುದಿಲ್ಲ. ತಿಗರಿಯಿಂದ ಎತ್ತುವಾಗ ಬೆರಳು ಒತ್ತಿದ್ದನ್ನು ಮಣ್ಣು ನೆನಪಿಟ್ಟುಕೊಂಡಿರುತ್ತದೆ. ಹಸಿಯಲ್ಲಿ ನೀವು ಅದನ್ನು ತಿದ್ದಿ ದುಂಡಗೆ ಮಾಡಿರುತ್ತೀರಿ, ಬೆಂಕಿಯಲ್ಲಿ ಮತ್ತೆ ವಾಪಸ್ ಹೋಗುತ್ತದೆ.

ಮುಚ್ಚಳ ಮಾಡುವವರು ಇದಕ್ಕೆ ಮುಚ್ಚಳವನ್ನೂ ಡಬ್ಬಿಯನ್ನೂ ಒಟ್ಟಿಗೆ ಇಟ್ಟು ಸುಡುತ್ತಾರೆ, ಸೊಟ್ಟ ಆದರೂ ಎರಡೂ ಒಂದೇ ಥರ ಸೊಟ್ಟ ಆಗಲಿ ಅಂತ. ನಿಮಗೆ ಆ ದಾರಿ ಇಲ್ಲ. ಯಾರ ಮೇಲೆ ಯಾರು ಬೇಕಾದರೂ ಕೂರಬೇಕು ಅಂತ ನೀವೇ ಹಟ ಹಿಡಿದಿದ್ದೀರಿ. ಹಾಗಾಗಿ ಜೋಡಣೆಯ ಜಾಗಕ್ಕೆ ಗ್ಲೇಜ್ ಬೇಡ, ಮೇಣ ಹಚ್ಚಿ ಬಿಡಿ. ಜಾಗ 2 ಅಲ್ಲ, ಕಡಿಮೆ ಅಂದರೂ 4 ಬಿಡಿ. ಭಾರ ಕಂಠದ ಮೇಲೆ ಬೀಳಬಾರದು, ಭುಜದ ಮೇಲೆ ಕೂರಲಿ. ಕಂಠದ ಕೆಲಸ ಪಕ್ಕಕ್ಕೆ ಜಾರದ ಹಾಗೆ ತಡೆಯುವುದು, ಅಷ್ಟೇ. ಚೀಲದ ಮೇಲಿನ 12ನ್ನು ಮರೆತುಬಿಡಿ. ಹಸಿ ಮಣ್ಣಿನ ಪಟ್ಟಿ ಮಾಡಿ, ಅದರ ಮೇಲೆ ಸರಿಯಾಗಿ 100 ಮಿ.ಮೀ. ಗೆರೆ ಗೀರಿ, ಪ್ರತಿ ಶೆಲ್ಫ್‌ನಲ್ಲೂ ಒಂದೊಂದು ಇಟ್ಟು ಸುಟ್ಟು ಅಳೆಯಿರಿ. ನಿಮ್ಮ ಕಿಲ್ನ್ ಏನು ಮಾಡುತ್ತದೆ ಅಂತ ಅದೇ ಹೇಳುತ್ತದೆ.

ಅಂಟಿಕೊಂಡ ಜೋಡಿಯನ್ನು ಕುದಿಯುವ ನೀರಿಗೆ ಹಾಕಬೇಡಿ. ಸಂದಿಗೆ ತೆಳು ಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟು, ಮರದ ತುಂಡಿನಿಂದ ಸುತ್ತಲೂ ಮೆಲ್ಲಗೆ ತಟ್ಟಿ ನೋಡಿ.

ಮೂರ್ಕಾಲು_ಮಣೆ:

ಯಾಕ್ರೀ ಕಂಠ ಬೇಕು?

ನಾಲ್ಕು ಕಾಲಿನ ಮಣೆ ಕುಂಟುತ್ತದೆ. ಮೂರು ಕಾಲಿನದು ಯಾವ ನೆಲದ ಮೇಲಿಟ್ಟರೂ ಕುಂಟುವುದಿಲ್ಲ. ನಿಮ್ಮ ಉಂಗುರ ಸುತ್ತಲೂ ಪೂರ್ತಿ ತಾಗಬೇಕು ಅಂತ ಬಯಸುವುದು ಸಾವಿರ ಕಾಲಿನ ಮಣೆಯನ್ನು ಸಮ ಮಾಡಲು ಹೋದ ಹಾಗೆ. ತಳದಲ್ಲಿ ಮೂರೇ ಮೂರು ಉಬ್ಬು ಕೊಡಿ. ಮೇಲ್ಭಾಗದಲ್ಲಿ ಅವು ಕೂರಲು ಆಳ ಕಡಿಮೆ ಇರುವ ದುಂಡು ತೋಡು. ತೋಡು ಉಬ್ಬಿಗಿಂತ ಐದಾರು ಮಿ.ಮೀ. ಅಗಲ ಇರಲಿ. ಸುತ್ತಲೂ ಇರುವುದರಿಂದ ಯಾವ ಕಡೆಗೆ ಬೇಕಾದರೂ ತಿರುಗಿಸಿ ಇಡಬಹುದು. ತುಂಡು ಮೊಟ್ಟೆಯಾಕಾರ ಆದರೂ ಕೂರುತ್ತದೆ, ಸೊಟ್ಟ ಆದರೂ ಕೂರುತ್ತದೆ.

ಹೀಗೆ ಮಾಡಿದರೆ ಎರಡು ತುಂಡಿನ ಮಧ್ಯೆ ಒಂದು ಸಣ್ಣ ಸಂದು ಕಾಣುತ್ತದೆ. ಕಾಣಲಿ. ದೂರದಿಂದ ನೋಡಿದರೆ ಪ್ರತಿ ತುಂಡಿನ ಕೆಳಗೂ ಒಂದು ಕಪ್ಪು ನೆರಳಿನ ಗೆರೆ ಬರುತ್ತದೆ. ನೀವು ಈಗ ಮಾಡಿರುವ ಬಿಗಿ ಜೋಡಣೆಯಲ್ಲಿ ಅರ್ಧ ಮಿ.ಮೀ. ತಪ್ಪಿದರೂ ಕಣ್ಣಿಗೆ ಹೊಡೆಯುತ್ತದೆ, ಮೂರು ಮಿ.ಮೀ. ಸಂದಿನಲ್ಲಿ ಅರ್ಧ ಮಿ.ಮೀ. ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಅಚ್ಚುಮೆಚ್ಚು:

ಅಚ್ಚಿಗೆ ಹೋಗಬೇಕಾ ಅಂತ ಕೇಳಿದಿರಿ. ಹೆಸರು ನೋಡಿದರೇ ಗೊತ್ತಾಗುತ್ತದಲ್ಲ, ನಾನು ಮಾಡುವುದೇ ಅದು. ಆದರೂ ಹೇಳುತ್ತೇನೆ, ಅಚ್ಚು ನಿಮ್ಮ ಕಾಯಿಲೆಗೆ ಪೂರ್ತಿ ಔಷಧ ಅಲ್ಲ. ಸ್ಲಿಪ್ (ನೀರಾಗಿ ಕಲಸಿದ ಮಣ್ಣು) ಸುರಿದು ಮಾಡಿದ ತುಂಡುಗಳು ಹಸಿಯಲ್ಲಿ ಅವಳಿಗಳ ಹಾಗೆ ಇರುತ್ತವೆ, ಬೆಂಕಿಗೆ ಹೋದಮೇಲೆ ಅವಕ್ಕೂ ಅದೇ ಗತಿ.

ಅಚ್ಚಿನಲ್ಲೂ ಗೋಡೆಯ ದಪ್ಪ ಕಾಯುವುದು ಸುಲಭ ಇಲ್ಲ. ಪ್ಲಾಸ್ಟರ್ ನೀರು ಹೀರಿದಷ್ಟು ಹೊತ್ತು ಗೋಡೆ ಕಟ್ಟುತ್ತಾ ಹೋಗುತ್ತದೆ, ಆದರೆ ಕಟ್ಟಿದ ಗೋಡೆಯೇ ಮುಂದಿನ ನೀರಿಗೆ ಅಡ್ಡ ಬರುತ್ತದೆ. ದಪ್ಪ ಎರಡರಷ್ಟು ಬೇಕು ಅಂದರೆ ಹೊತ್ತು ನಾಲ್ಕರಷ್ಟು. 3 ಮಿ.ಮೀ. 8 ನಿಮಿಷಕ್ಕೆ ಬಂದರೆ 6 ಮಿ.ಮೀ.ಗೆ 32 ನಿಮಿಷ ಕಾಯಬೇಕು. ಅದೂ ಒಣ ಅಚ್ಚಿನಲ್ಲಿ. ಬೆಳಗ್ಗೆಯಿಂದ ಮೂರನೇ ಸಲ ಸುರಿಯುವಾಗ ಅಚ್ಚು ಒದ್ದೆ ಆಗಿರುತ್ತದೆ, ಗಡಿಯಾರ ನೋಡಿ ಮಾಡಿದರೆ ತೆಳು ಬರುತ್ತದೆ. ತೆಳು ಗೋಡೆ ಬೇಗ ಸೊಟ್ಟ ಆಗುತ್ತದೆ.

ನಾನಾಗಿದ್ದರೆ ಎರಡನ್ನೂ ಬೆರೆಸುತ್ತಿದ್ದೆ. ಒಡಲನ್ನು ನೀವು ತಿಗರಿಯ ಮೇಲೆಯೇ ಎತ್ತಿ, ಕೈ ಗುರುತು ಇರಲಿ, ಅದನ್ನು ಯಾಕೆ ಕಳೆದುಕೊಳ್ಳುತ್ತೀರಿ. ಜೋಡಣೆಯ ಉಂಗುರ ಮಾತ್ರ ಪ್ಲಾಸ್ಟರ್ ಅಚ್ಚಿಗೆ ಮಣ್ಣು ಒತ್ತಿ ತೆಗೆಯಿರಿ. ಎಲ್ಲ ತುಂಡಿಗೂ ಅದೇ ಉಂಗುರ. ಎರಡೂ ಒಂದೇ ಚೀಲದ ಮಣ್ಣು, ಒಂದೇ ಹದಕ್ಕೆ ಆರಿರಬೇಕು, ಆಗ ಗೀರಿ ಸ್ಲಿಪ್ ಹಚ್ಚಿ ಕೂರಿಸಿ. ಒಂದು ಒದ್ದೆ ಒಂದು ಒಣ ಆದರೆ ಸೇರಿದ ಜಾಗದಲ್ಲೇ ಬಿರುಕು ಬಿಡುತ್ತದೆ.

ಈ ಥರದ ಯೋಚನೆಗೆ ನೂರು ವರ್ಷ ಆಯಿತು. ಥಿಯೋಡೋರ್ ಬೋಗ್ಲರ್ 1923ರಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆಯ ಕುಂಬಾರಿಕೆ ಕಾರ್ಯಾಗಾರದಲ್ಲಿ ಒಂದು ಟೀ ಪಾಟ್ ಮಾಡಿದರು, ಅದನ್ನು ಕಾಂಬಿನೇಷನ್ ಟೀ ಪಾಟ್ ಅಂತಲೇ ಕರೆಯುತ್ತಾರೆ. ಅಚ್ಚಿನಿಂದ ಬಂದ ಕೆಲವೇ ಭಾಗಗಳು. ಅದೇ ಒಡಲಿಗೆ ಹಿಡಿಕೆ ಬೇರೆ ಥರ ಕೂರಿಸಿದರೆ ಇನ್ನೊಂದು ಪಾಟ್. ಆದರೆ ಗಮನಿಸಿ, ಅವರು ಭಾಗಗಳನ್ನು ಸೇರಿಸಿದ್ದು ಹಸಿಯಲ್ಲಿ. ಸೇರಿಸಿ ಒಂದಾದಮೇಲೆ ಕಿಲ್ನ್‌ಗೆ. ಚೀನಾದ ಮಣ್ಣಿನ ಸೈನಿಕರೂ ಹಾಗೇ. 1974ರಲ್ಲಿ ಸಿಕ್ಕಿದವಲ್ಲ, ತಲೆ, ಮುಂಡ, ಕೈಗಳನ್ನು ಬೇರೆ ಬೇರೆ ಮಾಡಿ ಜೋಡಿಸಿದ್ದು, ಕೆಲವೇ ಅಚ್ಚುಗಳಿಂದ ಸಾವಿರಾರು ಬೇರೆ ಬೇರೆ ಮುಖ. ಮಾಡುವವನಿಗೆ ಅನುಕೂಲ ಆಗಲಿ ಅಂತ ಬಿಡಿಭಾಗ ಮಾಡುವುದು ಒಂದು. ಬಳಸುವವನು ಸುಟ್ಟಮೇಲೆ ಬಿಚ್ಚಿ ಜೋಡಿಸಲಿ ಅಂತ ಮಾಡುವುದು ಇನ್ನೊಂದು. ನೀವು ಹಿಡಿದಿರುವುದು ಎರಡನೆಯದು, ಅದು ಕಷ್ಟದ್ದು.

ಎರಡನೆಯದಕ್ಕೆ ನನಗೆ ಇಷ್ಟದ ಉದಾಹರಣೆ ನಿಕ್ ರೋರಿಕ್ಟ್ ಅವರ ಟಿಸಿ 100. 1959ರಲ್ಲಿ ಜರ್ಮನಿಯ ಉಲ್ಮ್ ವಿನ್ಯಾಸ ಶಾಲೆಯಲ್ಲಿ ಡಿಪ್ಲೊಮಾಕ್ಕೆ ಮಾಡಿದ್ದು, ಹೋಟೆಲ್ ಕ್ಯಾಂಟೀನ್‌ಗಳಲ್ಲಿ ಒಂದರ ಮೇಲೊಂದು ಪೇರಿಸಿಡುವ ಕಪ್, ಬಸಿ. ಇದರ ಫೋಟೋಗಳನ್ನು ದೊಡ್ಡದು ಮಾಡಿ ನೋಡಿ. ಪೇರಿಸಿದ ಕಪ್‌ಗಳಲ್ಲಿ ಯಾವುದೂ ಯಾವುದನ್ನೂ ಬಿಗಿಯಾಗಿ ಹಿಡಿದುಕೊಂಡಿಲ್ಲ. ಮೇಲಿನದು ಕೆಳಗಿನದರಲ್ಲಿ ಸುಮ್ನೆ ಇಳಿದು ನಿಂತಿದೆ.

ಸೊಟ್ಟ_ಮಡಕೆ:

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ನನಗೆ ದೊಣ್ಣೆಯೂ ಬೇಕಾಗಲಿಲ್ಲ.

ಇದೇ ಥರ ಕಂಬ ಮಾಡಲು ಹೋಗಿ ಎರಡು ಸಲ ಕೈ ಸುಟ್ಟುಕೊಂಡಿದ್ದೇನೆ. ಮೊದಲ ಸಲ ಕಂಠವನ್ನು ನೇರ ಮಾಡದೆ ಇಳಿಜಾರು ಮಾಡಿದೆ, ಲಾಳಿಕೆ ಥರ. ಅಳತೆ ಹೆಚ್ಚುಕಮ್ಮಿ ಆದರೆ ಸ್ವಲ್ಪ ಮೇಲೆಯೋ ಕೆಳಗೋ ಕೂರುತ್ತದೆ, ತಾನಾಗಿಯೇ ಸರಿಹೋಗುತ್ತದೆ ಅಂತ ನನ್ನ ಬುದ್ಧಿವಂತಿಕೆ. ಕೂತವು, ಎಂಟಕ್ಕೆ ಎಂಟೂ. ಆ ರಾತ್ರಿ ಮಲಗಿದ್ದಾಗ ಟಪ್ ಅಂತ ಸದ್ದು. ಬೆಳಗ್ಗೆ ನೋಡಿದರೆ ಕೆಳಗಿನಿಂದ ಎರಡನೇ ತುಂಡಿನ ಕುಳಿ ಮೇಲಿಂದ ಕೆಳಗೆ ಸೀಳಿದೆ. ಆಮೇಲೆ ತಲೆಗೆ ಹೋಯಿತು: ಇಳಿಜಾರು ಕಂಠ ಅಂದರೆ ಬೆಣೆ. ಮೇಲಿನ ಭಾರವೆಲ್ಲ ಕುಳಿಯನ್ನು ಹೊರಕ್ಕೆ ತಳ್ಳುತ್ತಾ ಕೂತಿತ್ತು. ಸೆರಾಮಿಕ್ ಮೇಲಿಂದ ಒತ್ತಿದರೆ ಎಷ್ಟು ಬೇಕಾದರೂ ತಡೆಯುತ್ತದೆ, ಎಳೆದರೆ ತಡೆಯುವುದಿಲ್ಲ. ಸೌದೆ ಸೀಳುವ ಕೆಲಸವನ್ನು ನಾನೇ ಮಾಡಿಟ್ಟಿದ್ದೆ.

ಎರಡನೇ ಸಲ, ಬೇಡ ಈ ಕಂಠದ ಸಹವಾಸ ಅಂತ ಎಲ್ಲದಕ್ಕೂ ನಡುವೆ ತೂತು ಬಿಟ್ಟು ಉಕ್ಕಿನ ಸರಳಿಗೆ ಪೋಣಿಸಿದೆ. ತಪ್ಪು ಐಡಿಯಾ ಏನಲ್ಲ. ಶಿಲ್ಪಿ ಬ್ರಾಂಕೂಸಿಯ ಕೊನೆಯಿಲ್ಲದ ಕಂಬ ಇದೆಯಲ್ಲ, 1938ರದ್ದು, ಅದು ಎರಕದ ಕಬ್ಬಿಣ, ಆದರೂ ಒಳಗೆ ಉಕ್ಕಿನ ಬೆನ್ನೆಲುಬಿಗೆ ಪೋಣಿಸಿದ್ದೇ. 1960ರ ದಶಕದಲ್ಲಿ ಇಟಲಿಯ ವಿನ್ಯಾಸಕ ಎಟೋರೆ ಸೊಟ್‌ಸಾಸ್ ಮಾಡಿದ ಎತ್ತರದ ಸೆರಾಮಿಕ್ ಟೋಟೆಮ್‌ಗಳೂ (ಕಂಬದಂಥ ಶಿಲ್ಪಗಳು) ಹಾಗೇ ಒಂದರ ಮೇಲೊಂದು ಪೇರಿಸಿದ ತುಂಡುಗಳು. ನಾನು ಮಾಡಿದ ತಪ್ಪು ಏನೆಂದರೆ ಸೆಕೆಯ ಮಧ್ಯಾಹ್ನ ನಟ್ಟನ್ನು ಸ್ಪ್ಯಾನರ್ ಹಾಕಿ ಬಿಗಿದಿದ್ದು. ಉಕ್ಕು ಬಿಸಿಗೆ ಹಿಗ್ಗುವುದೂ ತಣ್ಣಗಾದಾಗ ಕುಗ್ಗುವುದೂ ಸ್ಟೋನ್‌ವೇರ್‌ಗಿಂತ ಹೆಚ್ಚುಕಡಿಮೆ ಎರಡರಷ್ಟು. ಮೀಟರ್ ಚಿಲ್ಲರೆ ಎತ್ತರಕ್ಕೆ 20 ಡಿಗ್ರಿ ಇಳಿದರೆ ವ್ಯತ್ಯಾಸ 0.14 ಮಿ.ಮೀ., ಎರಡು ಕೂದಲೆಳೆಯಷ್ಟು. ಅಷ್ಟೇನಾ ಅನಿಸುತ್ತದೆ. ಗಟ್ಟಿ ಗಟ್ಟಿ ತಾಗಿರುವ ಕಡೆ ಅಷ್ಟು ಸಾಕು. ಚಳಿಗೆ ಸರಳು ಕುಗ್ಗಿ ಮಧ್ಯದ ತುಂಡಿನ ಅಂಚನ್ನು ಉದುರಿಸಿತು. ಈಗ ಪ್ರತಿ ಸಂದಿಗೂ ಕಾರ್ಕ್ ಬಿಲ್ಲೆ, ಮೇಲೆ ಸ್ಪ್ರಿಂಗ್ ವಾಷರ್, ನಟ್ ಕೈಯಲ್ಲಿ ತಿರುಗಿದಷ್ಟೇ.

ಆದರೆ ಸರಳು ಹಾಕಿದರೆ ನಿಮ್ಮ ಇವತ್ತೊಂದು ಥರ ನಾಳೆ ಒಂದು ಥರ ಹೋಯಿತು. ಬಟ್ಟಲು ಬೇಕು ಅಂದಾಗ ಸ್ಪ್ಯಾನರ್ ಹುಡುಕಬೇಕಾಗುತ್ತದೆ.

ಉಳಿ_ಸುತ್ತಿಗೆ:

ನಾನು ಮಣ್ಣಿನವನಲ್ಲ, ಕಲ್ಲು ಕೆಲಸ. ಆ ಗೆಳತಿಯ ಮಾತಿಗೆ ಯಾರೂ ಕೈ ಹಾಕಿಲ್ಲ, ನಾನು ಹಾಕುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ, ಅವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ.

ಪೇರಿಸಿದ ಕಂಬದಲ್ಲಿ ಏಳನೆಯದಾಗಿ ಕೂತ ಹೂದಾನಿಗೆ ಹೂ ಎಲ್ಲಿ ಇಡುತ್ತೀರಿ? ಬಟ್ಟಲಿನ ಮೇಲೆ ಐದು ತುಂಡು ಕೂತರೆ ಅದು ಬಟ್ಟಲಾ? ನಿಮ್ಮ ಸೆಟ್ ಬಿಚ್ಚಿದಾಗ ಪಾತ್ರೆ, ಪೇರಿಸಿದಾಗ ಶಿಲ್ಪ, ಎರಡೂ ಒಂದೇ ಸಲ ಆಗುವುದೇ ಇಲ್ಲ. ಅದು ತಪ್ಪು ಅಂತ ಹೇಳುತ್ತಿಲ್ಲ. ಆದರೆ ಪೇರಿಸಿದಾಗಲೂ ಏನಾದರೂ ಕೆಲಸ ನಡೆಯುತ್ತಿದ್ದರೆ ಆ ಮಾತಿಗೆ ಜಾಗವೇ ಇರುತ್ತಿರಲಿಲ್ಲ. ಟೊಳ್ಳು ಉಂಗುರಗಳ ಒಳಗೆ ದೀಪದ ವೈರ್ ಓಡಲಿ. ತಟ್ಟೆ ಕಂಬದ ನಡುವೆ ಬಂದರೆ ಅದರ ಅಂಚು ಹೊರಗೆ ಚಾಚಲಿ, ಕೀಲಿಕೈ ಇಡುವಷ್ಟು. ಆಗ ಅದು ಶಿಲ್ಪವಾಗಿ ನಿಂತುಕೊಂಡೇ ದುಡಿಯುತ್ತದೆ. ಉಂಗುರ ಆರು ಯಾಕೆ ಅಂತಲೂ ಕೇಳಿಕೊಳ್ಳಿ, ಎತ್ತರ ಬರಲಿ ಅಂತ ಮಾತ್ರ ಇದ್ದರೆ ಅವು ಸುಮ್ನೆ ದಂಡ.

ಎತ್ತರ ಅಂದಾಗ ನೆನಪಾಯಿತು, ಯಾರೂ ಹೇಳದ ಒಂದು ವಿಷಯ. ಎದೆಮಟ್ಟ ಅಂದರೆ 1.2 ಮೀಟರ್ ಅಂದುಕೊಳ್ಳೋಣ, ತಳದ ಅಗಲ 120 ಮಿ.ಮೀ. ಇರಬಹುದು. ತೂಕದ ನಡುಬಿಂದು 600ರಲ್ಲಿ, ತಳದ ಅಂಚು ನಡುವಿನಿಂದ 60ರಲ್ಲಿ. ಆರು ಡಿಗ್ರಿ ವಾಲಿದರೆ ಮುಗಿಯಿತು, ಕಂಬ ನೆಲದಲ್ಲಿ. ಬೆಕ್ಕು ಮೈ ಉಜ್ಜಿದರೂ ಸಾಕು. ಕೆಳಗಿನ ತುಂಡು ಅಗಲ ಮಾಡಿ, ಟೊಳ್ಳಿನಲ್ಲಿ ಮರಳು ತುಂಬಿ. ಕಲ್ಲಿನಲ್ಲಿ ನಾವು ಮೊದಲು ನೋಡುವುದು ಇದನ್ನೇ.

ಬೌಹೌಸ್ ವಿಷಯ ಅಚ್ಚುಮೆಚ್ಚು ಎತ್ತಿದ್ದು ಒಳ್ಳೆಯದಾಯಿತು. ಡಾರ್ನ್‌ಬರ್ಗ್‌ನಲ್ಲಿದ್ದ ಆ ಕಾರ್ಯಾಗಾರಕ್ಕೆ ಇಬ್ಬರು ಮೇಷ್ಟ್ರು. ಗೆರ್ಹಾರ್ಡ್ ಮಾರ್ಕ್ಸ್ ಶಿಲ್ಪಿ. ಮ್ಯಾಕ್ಸ್ ಕ್ರೇಹನ್ ಅದೇ ಊರಿನ ಕುಂಬಾರ. ಆಕಾರ ಒಬ್ಬರಿಂದ, ಕೈಕೆಲಸ ಇನ್ನೊಬ್ಬರಿಂದ. ಒಬ್ಬರೇ ಎರಡನ್ನೂ ಕಲಿಸಲಿ ಅಂತ ಅವರೂ ಬಿಟ್ಟಿರಲಿಲ್ಲ. ನೀವು ಒಬ್ಬರೇ ಎರಡೂ ಆಗಲು ಹೊರಟಿದ್ದೀರಿ, ತಲೆಸುತ್ತು ಬರದೆ ಇನ್ನೇನಾಗುತ್ತದೆ.

ತಿಗರಿ_ತಲೆಸುತ್ತು:

ಅಬ್ಬಾ, ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಕೋನ್_ಆರು ಅವರೇ, ನಾಲ್ಕು ಪದರ ಗ್ಲೇಜ್ ಅಂದಾಗ ಹಣೆ ಚಚ್ಚಿಕೊಂಡೆ. ಅಂಟಿಕೊಂಡ ಜೋಡಿ ಎಣ್ಣೆ ಹಾಕಿದ ಮಾರನೇ ದಿನ ಬಿಟ್ಟುಕೊಂಡಿತು. ಕಂಠಗಳನ್ನು ಉಜ್ಜಿ ಸರಿ ಮಾಡೋಣ ಅಂತ ಸಿಲಿಕಾನ್ ಕಾರ್ಬೈಡ್ ಪುಡಿಗೆ ನೀರು ಬೆರೆಸಿ, ಎರಡು ತುಂಡನ್ನು ಒಂದರ ಮೇಲೊಂದು ತಿರುಗಿಸಿ ಉಜ್ಜಿದೆ. ಆ ಎರಡು ಚೆನ್ನಾಗಿ ಕೂತವು, ಆದರೆ ಅವು ಈಗ ಗಂಡಹೆಂಡತಿ, ಬೇರೆ ಯಾರ ಜೊತೆಗೂ ಹೋಗುವುದಿಲ್ಲ. ಅಲ್ಲಿಗೆ ಉಜ್ಜುವ ಕೆಲಸ ಕೈಬಿಟ್ಟೆ.

ಉಳಿ_ಸುತ್ತಿಗೆ ಅವರ ಮಾತಿಗೆ ಒಂದು ದಿನ ಸಿಟ್ಟು ಬಂದಿದ್ದು ನಿಜ. ಆಮೇಲೆ ಕೂತು ನೋಡಿದಾಗ ಉಂಗುರ ಆರು ದಂಡವೇ. ಮೂರು ಮಾಡುತ್ತೇನೆ. ತಳದ್ದು 200 ಮಿ.ಮೀ. ಅಗಲ. ಆದರೆ ಹೂದಾನಿಗೆ ನಡುವೆ ಕೂತಾಗ ಕೆಲಸ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮಡಿಚಿಟ್ಟ ಕುರ್ಚಿಯ ಮೇಲೆ ಯಾರೂ ಕೂರುವುದಿಲ್ಲ, ಹಾಗಂತ ಅದು ಕುರ್ಚಿ ಅಲ್ಲದೆ ಹೋಗುತ್ತದಾ?

ಮೂರು ಉಬ್ಬು ಮಾಡುತ್ತೇನೆ, ನೆರಳಿನ ಗೆರೆ ತುಂಬ ಹಿಡಿಸಿತು. ಒಂದು ಅನುಮಾನ. ತುಂಡುಗಳು ಮೊಟ್ಟೆಯಾಕಾರ ಆಗಿದ್ದರೆ ಕ್ಯಾಲಿಪರ್ ಒಂದೊಂದು ಕಡೆ ಒಂದೊಂದು ತೋರಿಸುತ್ತದೆ. ಯಾವುದು ಯಾವ ಗಾತ್ರ ಅಂತ ಬೇಗ ವಿಂಗಡಿಸುವುದು ಹೇಗೆ?

ಕೋನ್_ಆರು:

ಇದಕ್ಕೆ 1782ರ ಉಪಾಯ ಇದೆ. ಆಗ ಕಿಲ್ನ್ ಒಳಗಿನ ಬಿಸಿ ಅಳೆಯಲು ಏನೂ ಇರಲಿಲ್ಲ. ಇಂಗ್ಲೆಂಡಿನ ಜೋಸಾಯಾ ವೆಜ್‌ವುಡ್ ಏನು ಮಾಡಿದರು ಗೊತ್ತಾ, ಮಣ್ಣಿನ ಸಣ್ಣ ತುಂಡುಗಳನ್ನು ಕಿಲ್ನ್‌ನಲ್ಲಿಟ್ಟು, ತೆಗೆದಮೇಲೆ ಎಷ್ಟು ಕುಗ್ಗಿವೆ ಅನ್ನುವುದರಿಂದ ಬಿಸಿಯನ್ನು ಲೆಕ್ಕ ಹಾಕಿದರು. ನಿಮಗೆ ತಲೆನೋವು ಕೊಟ್ಟ ಕುಗ್ಗುವಿಕೆಯೇ ಅವರಿಗೆ ಥರ್ಮಾಮೀಟರ್! ಅಳೆಯಲು ಅವರು ಬಳಸಿದ್ದು ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಕಿರಿದು ಆಗುವ ಹಾಗೆ ಇಟ್ಟ ಎರಡು ಪಟ್ಟಿ. ತುಂಡನ್ನು ನಡುವೆ ಜಾರಿಸಿದರೆ ಎಲ್ಲಿ ನಿಲ್ಲುತ್ತದೋ ಅದೇ ಅಳತೆ.

ನೀವೂ ಒಂದು ಹಲಗೆಗೆ ಎರಡು ಮರದ ಪಟ್ಟಿ ಹಾಗೆ ಹೊಡೆದುಕೊಳ್ಳಿ. ಒಂದು ಕಡೆ 78, ಇನ್ನೊಂದು ಕಡೆ 84. ಉಂಗುರವನ್ನು ಒಮ್ಮೆ ಜಾರಿಸಿ ಗುರುತು ಹಾಕಿ, ಸ್ವಲ್ಪ ತಿರುಗಿಸಿ ಮತ್ತೆ ಜಾರಿಸಿ. ಮೂರು ನಾಲ್ಕು ಸಲ ತಿರುಗಿಸಿದರೆ ಎಷ್ಟು ಸೊಟ್ಟ ಅಂತಲೂ ಗೊತ್ತಾಗುತ್ತದೆ.

ಅಚ್ಚುಮೆಚ್ಚು:

ಸಂದಿನ ಮಾತು ಬಂದಿದ್ದಕ್ಕೆ ಒಂದು ಅಡ್ಡಮಾತು. ಸಿಡ್ನಿ ಒಪೆರಾ ಹೌಸ್‌ನ ಚಾವಣಿಯಲ್ಲಿ 10,56,006 ಸೆರಾಮಿಕ್ ಟೈಲ್‌ಗಳಿವೆ, ಸ್ವೀಡನ್‌ನಲ್ಲಿ ಮಾಡಿಸಿದ್ದು. ಅವನ್ನು ಒಂದೊಂದಾಗಿ ಮೇಲೆ ಹತ್ತಿ ಅಂಟಿಸಲಿಲ್ಲ. ನೆಲದ ಮೇಲೆ ದೊಡ್ಡ ಅಚ್ಚಿನಲ್ಲಿ ಮುಖ ಕೆಳಗೆ ಮಾಡಿ ಜೋಡಿಸಿ, ಹಿಂದಿನಿಂದ ಕಾಂಕ್ರೀಟ್ ಹಾಕಿ, 4,228 ಹಲಗೆಗಳನ್ನು ಮಾಡಿ ಮೇಲಕ್ಕೆ ಎತ್ತಿದರು. ಮುಖ ಕೆಳಗಿದ್ದರೆ ಹೊರಗೆ ಕಾಣುವ ಕಡೆ ಸಮ ಬರುತ್ತದೆ, ಟೈಲ್ ದಪ್ಪದ ಹೆಚ್ಚುಕಮ್ಮಿಯೆಲ್ಲ ಹಿಂದಕ್ಕೆ ಹೋಗುತ್ತದೆ. ಪಕ್ಕದ ಹೆಚ್ಚುಕಮ್ಮಿ ಟೈಲ್ ನಡುವಿನ ಗೆರೆಗೆ. ಅಷ್ಟು ದೊಡ್ಡ ಕೆಲಸದಲ್ಲೂ ತಪ್ಪು ಎಲ್ಲಿ ಹೋಗಿ ಕೂರಬೇಕು ಅಂತ ಮೊದಲೇ ಜಾಗ ಮಾಡಿಟ್ಟಿದ್ದರು.

ತಿಗರಿ_ತಲೆಸುತ್ತು:

ಐದು ವಾರ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಎರಡನೇ ಸೆಟ್ 9 ತುಂಡು. ಒಡಲು ತಿಗರಿಯ ಮೇಲೆ, ತೋಡಿನ ಉಂಗುರ ಪ್ಲಾಸ್ಟರ್ ಅಚ್ಚಿನಲ್ಲಿ ಒತ್ತಿದ್ದು, ತಳಕ್ಕೆ ಮೂರು ಉಬ್ಬು. ಜೋಡಣೆಗೆಲ್ಲ ಮೇಣ. 100 ಮಿ.ಮೀ. ಪಟ್ಟಿಗಳನ್ನು ಶೆಲ್ಫ್‌ಗೆ ಒಂದರಂತೆ ಇಟ್ಟಿದ್ದೆ: ಮೇಲಿನದು 87.4, ನಡುವಿನದು 87.9, ಕೆಳಗಿನದು 88.6. ಒಂದೇ ಕಿಲ್ನ್, ಒಂದೇ ಬೆಂಕಿ! ಮೊದಲ ಸೆಟ್‌ನಲ್ಲಿ ಐದು ತುಂಡು ಮೇಲಿನ ಶೆಲ್ಫ್‌ನಲ್ಲಿದ್ದವು, ಉಳಿದವು ಕೆಳಗೆ. ಈಗ ಅರ್ಥ ಆಯಿತು.

ಮರದ ಪಟ್ಟಿಯ ಅಳತೆಗೋಲಿನಲ್ಲಿ ಜಾರಿಸಿದರೆ ಒಂದು ತುಂಡು ಮಾತ್ರ 3 ಮಿ.ಮೀ. ಸೊಟ್ಟ. ಉಳಿದ ಎಂಟನ್ನು ಯಾವ ಕ್ರಮದಲ್ಲಿ ಪೇರಿಸಿದರೂ ಕೂರುತ್ತವೆ. ತಮಾಷೆ ಅಂದರೆ ಆ ಸೊಟ್ಟದ್ದೂ ಕೂರುತ್ತದೆ, ನೋಡಲು ಮಾತ್ರ ಸ್ವಲ್ಪ ಜಾರಿ ನಿಂತ ಹಾಗಿದೆ. ತೆಗೆಯಲು ಮನಸ್ಸಾಗಲಿಲ್ಲ. ಒಂದೇ ತೊಂದರೆ, ಸುಟ್ಟ ಮಣ್ಣಿನ ಮೇಲೆ ಸುಟ್ಟ ಮಣ್ಣು ಇಡುವಾಗ ಕರ್ ಅಂತ ಹಲ್ಲು ಜುಮ್ಮೆನ್ನುವ ಸದ್ದು. ಉಬ್ಬಿಗೆ ಚಿಕ್ಕ ಫೆಲ್ಟ್ ಬಿಲ್ಲೆ ಅಂಟಿಸಿದೆ, ಹೋಯಿತು.

ಗೆಳತಿ ಮತ್ತೆ ಬಂದಿದ್ದಳು. ಈ ಸಲ ಏನೂ ಅನ್ನಲಿಲ್ಲ. ಮಾತಾಡುತ್ತಾ ಮಾತಾಡುತ್ತಾ ಮೇಲಿನ ಎರಡನ್ನು ಕೆಳಗಿಟ್ಟಳು, ತಟ್ಟೆ ತೆಗೆದು ನಡುವೆ ಸೇರಿಸಿದಳು, ಬಟ್ಟಲು ಮೇಲೆ ಇಟ್ಟು ಅದರೊಳಗೆ ತನ್ನ ಕನ್ನಡಕ ಹಾಕಿದಳು. ಹೋಗುವಾಗ ಕನ್ನಡಕ ಎಲ್ಲಿ ಅಂತ ಮನೆಯೆಲ್ಲ ಹುಡುಕಿದೆವು.

ಮೂರ್ಕಾಲು_ಮಣೆ:

ಭೇಷ್. ಉಬ್ಬಿನ ಎತ್ತರ ಎಷ್ಟು ಇಟ್ಟಿರಿ? ಕೆಳಗಿನಿಂದ ಒಂದು ಫೋಟೋ ಹಾಕಿ, ಮೇಲಿನದು ಎಲ್ಲರೂ ಹಾಕುತ್ತಾರೆ.

ತಿಗರಿ_ತಲೆಸುತ್ತು:

ಹಸಿಯಲ್ಲಿ 5 ಮಿ.ಮೀ., ಸುಟ್ಟಮೇಲೆ 4.4. ತೋಡಿನ ಆಳ 2. ಫೋಟೋ ಸಂಜೆ ಹಾಕುತ್ತೇನೆ, ಈಗ ತಳದ ತುಂಡಿಗೆ ಮರಳು ತುಂಬುತ್ತಾ ಕೂತಿದ್ದೇನೆ, ಕೈಯೆಲ್ಲ ಮರಳು.